ಸಾಧನೆ ಯಾವ ಸಾಲಿನಲ್ಲಿ ಮುರಿಯಿತು? ತ್ರಿಕೋನಮಿತಿಯ ನಿತ್ಯಸಮೀಕರಣಗಳಿಗೆ ದೋಷ ನಿವಾರಣೆ ಕೈಪಿಡಿ

ನಾಲ್ಕು ಸಾಲು ಸರಾಗವಾಗಿ ಬಂದ ಸಾಧನೆ ಐದನೆಯ ಸಾಲಿಗೆ ಕೈಕೊಟ್ಟಾಗ ಹೆಚ್ಚಿನವರು ಹಾಳೆ ತಿರುಗಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಬರೆಯುವುದು ಅದೇ ಕೈ, ಯೋಚಿಸುವುದು ಅದೇ ಅಭ್ಯಾಸ. ಹಾಗಾಗಿ ಅದೇ ತಪ್ಪು ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಕೊನೆಗೆ "ನನಗೆ ಸೂತ್ರ ನೆನಪಿಲ್ಲ" ಎಂದುಕೊಂಡು ಸೂತ್ರಗಳನ್ನು ಇನ್ನೊಮ್ಮೆ ಬಾಯಿಪಾಠ ಮಾಡುತ್ತಾರೆ. ನಿಜವಾದ ದೋಷ ಸೂತ್ರದಲ್ಲಿ ಇರುವುದು ಅಪರೂಪ. ಒಂದು ಮೈನಸ್ ಚಿಹ್ನೆಯಲ್ಲಿ, ಹೊಡೆದುಹಾಕಬಾರದ ಒಂದು ಪದದಲ್ಲಿ ಅಥವಾ ವರ್ಗಮೂಲದ ಒಂದು ಅವಸರದಲ್ಲಿ ಅದು ಕೂತಿರುತ್ತದೆ.

ಆದ್ದರಿಂದ ಮೊದಲ ಕೆಲಸ ತಿದ್ದುವುದಲ್ಲ, ತಪ್ಪಿದ ಸಾಲನ್ನು ಹಿಡಿಯುವುದು. ಅದಕ್ಕೆ ಬೇಕಾಗುವುದು ಒಂದು ಸಂಖ್ಯೆ ಮತ್ತು ಎರಡು ನಿಮಿಷ. (ಇಲ್ಲಿ ಕೋನಗಳನ್ನು ಅ, ಬ ಎಂದು ಕರೆದಿದೆ.)

ಪರೀಕ್ಷೆಗೆ ಎರಡು ತ್ರಿಕೋನ

ನಿತ್ಯಸಮೀಕರಣ ಎಂದರೆ ಎರಡೂ ಬದಿಗಳಿಗೆ ಅರ್ಥವಿರುವ ಪ್ರತಿಯೊಂದು ಕೋನಕ್ಕೂ ನಿಜವಾಗುವ ಸಮೀಕರಣ. ಹಾಗಾದರೆ ಒಂದು ಕೋನವನ್ನು ಹಾಕಿ ನೋಡಿದರೆ ಎಡಬದಿಯಿಂದ ಇಳಿದು ಬಂದ ಪ್ರತಿ ಸಾಲೂ ಒಂದೇ ಬೆಲೆ ಕೊಡಬೇಕು. ಎಲ್ಲಿ ಬೆಲೆ ಬದಲಾಯಿತೋ ಆ ಸಾಲಿಗೂ ಅದರ ಹಿಂದಿನ ಸಾಲಿಗೂ ನಡುವೆ ತಪ್ಪಿದೆ.

ಯಾವ ಕೋನ ಹಾಕಬೇಕು ಎನ್ನುವಲ್ಲೇ ಹಲವರು ಎಡವುತ್ತಾರೆ. 45° ಬೇಡ: ಅಲ್ಲಿ ಸೈನ್, ಕಾಸ್ ಎರಡೂ ಒಂದೇ, ಟ್ಯಾನ್, ಕಾಟ್ ಎರಡೂ 1. ಒಂದರ ಬದಲು ಇನ್ನೊಂದನ್ನು ಬರೆದಿದ್ದರೂ ಪರೀಕ್ಷೆ "ಸರಿ" ಎನ್ನುತ್ತದೆ. 0° ಇನ್ನೂ ಕೆಟ್ಟದು, ಸೈನ್‌ನಿಂದ ಗುಣಿಸಿದ ಎಲ್ಲ ತಪ್ಪುಗಳನ್ನೂ ಸೊನ್ನೆಯಾಗಿಸಿ ಮುಚ್ಚಿಹಾಕುತ್ತದೆ. 30° ಒಳ್ಳೆಯದೆಂದು ಕಂಡರೂ ಅದಕ್ಕೂ ಕುರುಡುಜಾಗವಿದೆ: ಕಾಸ್ 2ಅ = ಸೈನ್ ಅ ಎಂಬ ಶುದ್ಧ ಸುಳ್ಳು ಅಲ್ಲಿ ನಿಜವಾಗಿಬಿಡುತ್ತದೆ, ಏಕೆಂದರೆ ಕಾಸ್ 60° = ಸೈನ್ 30° = 1/2.

ಕೋನವನ್ನು ಡಿಗ್ರಿಯಲ್ಲಿ ಆರಿಸುವುದಕ್ಕಿಂತ ಬಾಹುಗಳಿಂದ ಆರಿಸುವುದು ಲೇಸು. ಬಾಹುಗಳು 3, 4 ಮತ್ತು ವಿಕರ್ಣ 5 ಇರುವ ಲಂಬಕೋನ ತ್ರಿಕೋನದಲ್ಲಿ 3ಕ್ಕೆ ಅಭಿಮುಖವಾದ ಕೋನವೇ ಅ ಆಗಲಿ. ಅದು ಸುಮಾರು 36.87°, ಆದರೆ ಆ ಡಿಗ್ರಿ ನಮಗೆ ಬೇಕಿಲ್ಲ. ಬೇಕಾದದ್ದು ಇಷ್ಟು:

ಸೈನ್ ಅ = 3/5, ಕಾಸ್ ಅ = 4/5, ಟ್ಯಾನ್ ಅ = 3/4
ಕೊಸೆಕ್ ಅ = 5/3, ಸೆಕ್ ಅ = 5/4, ಕಾಟ್ ಅ = 4/3
ಸೈನ್ 2ಅ = 24/25, ಕಾಸ್ 2ಅ = 7/25, ಟ್ಯಾನ್ 2ಅ = 24/7
ಸೈನ್ 3ಅ = 117/125, ಕಾಸ್ 3ಅ = −44/125, ಟ್ಯಾನ್ (ಅ/2) = 1/3

ಎಲ್ಲವೂ ಭಿನ್ನರಾಶಿ. ವರ್ಗಮೂಲವಿಲ್ಲ, ದಶಮಾಂಶವಿಲ್ಲ, ಕ್ಯಾಲ್ಕುಲೇಟರ್ ಬೇಡ. ಎರಡನೆಯ ಕೋನ ಬೇಕಾದಾಗ 5-12-13 ತ್ರಿಕೋನ: ಸೈನ್ ಬ = 5/13, ಕಾಸ್ ಬ = 12/13. ಆಗ ಸೈನ್ (ಅ+ಬ) = 56/65, ಕಾಸ್ (ಅ+ಬ) = 33/65.

3-4-5ಕ್ಕೂ ಒಂದು ದೌರ್ಬಲ್ಯವಿದೆ. 3, 4, 5 ಬೆನ್ನುಬೆನ್ನಿಗೆ ಬರುವ ಸಂಖ್ಯೆಗಳಾದ್ದರಿಂದ ಕಾಸ್ ಅ − ಸೈನ್ ಅ, 1 − ಕಾಸ್ ಅ ಎರಡೂ 1/5 ಆಗುತ್ತವೆ, ಸೆಕ್ ಅ + ಟ್ಯಾನ್ ಅ ಸರಿಯಾಗಿ 2 ಆಗುತ್ತದೆ. ಇಂಥ ಕಾಕತಾಳೀಯ ನಿಮ್ಮ ತಪ್ಪನ್ನು ಕಾಪಾಡಬಹುದು. ಅನುಮಾನ ಬಂದರೆ ಅದೇ ಸಾಲಿಗೆ 5-12-13ರ ಬೆಲೆಗಳನ್ನೂ ಹಾಕಿ. ಎರಡೂ ತ್ರಿಕೋನಗಳನ್ನು ವಂಚಿಸುವ ಕೈತಪ್ಪು ತೀರಾ ವಿರಳ.

ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಿ

ಅಚ್ಚಿನ ತಪ್ಪಿರುವ ಪ್ರಶ್ನೆಯನ್ನು ಸಾಧಿಸಲು ಒಂದು ಸಂಜೆಯೆಲ್ಲ ಒದ್ದಾಡುವುದು ಬಹಳ ಸಾಮಾನ್ಯ. ಪ್ರಶ್ನೆಯನ್ನು ಹಾಳೆಗೆ ಇಳಿಸಿಕೊಳ್ಳುವಾಗ ನಾವೇ ಒಂದು ವರ್ಗದ ಗುರುತು ಬಿಟ್ಟಿರುವುದೂ ಉಂಟು. ಆದ್ದರಿಂದ ಒಂದೂ ಸೂತ್ರ ಹಚ್ಚುವ ಮುನ್ನ ಎರಡೂ ಬದಿಗಳಿಗೆ 3-4-5 ಹಾಕಿ. ಬೆಲೆಗಳು ಹೊಂದದಿದ್ದರೆ ಅದು ನಿತ್ಯಸಮೀಕರಣವೇ ಅಲ್ಲ. ಅಲ್ಲ ಎನ್ನಲು ಒಂದೇ ಕೋನ ಸಾಕು.

ಹೊಂದಿದರೆ? ಸಾಧಿಸಿದಂತಾಗಲಿಲ್ಲ, ಕೆಲಸ ಶುರು ಮಾಡಲು ಅಡ್ಡಿಯಿಲ್ಲ ಎಂದಷ್ಟೇ ಅರ್ಥ. ಸೈನ್ 2ಅ = 2 ಸೈನ್ ಅ ಎಂಬುದು 0°, 180°, 360° ಎಲ್ಲಕ್ಕೂ ಹೊಂದುತ್ತದೆ. ಆದರೆ 3-4-5ರಲ್ಲಿ ಎಡಗಡೆ 24/25, ಬಲಗಡೆ 6/5. ಪರೀಕ್ಷೆಯ ಕೆಲಸ ತಪ್ಪನ್ನು ತೋರಿಸುವುದು ಮಾತ್ರ. ಉತ್ತರಪತ್ರಿಕೆಯಲ್ಲಿ "3-4-5ಕ್ಕೆ ಸರಿಬಂತು, ಆದ್ದರಿಂದ ಸಾಧಿತವಾಯಿತು" ಎಂದು ಬರೆದರೆ ಅಂಕ ಸಿಗುವುದಿಲ್ಲ, ಸಿಗಲೂಬಾರದು.

ಸಾಲು ಹಿಡಿಯುವ ರೀತಿ

ಒಂದು ಪೂರ್ತಿ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಾಧಿಸಬೇಕಾದದ್ದು:

ಸೈನ್ ಅ / (1 − ಕಾಸ್ ಅ) − ಕಾಟ್ ಅ = ಕೊಸೆಕ್ ಅ

ಮೊದಲು ಪ್ರಶ್ನೆಯ ಪರೀಕ್ಷೆ. ಎಡಬದಿ: (3/5) ÷ (1/5) = 3, ಅದರಿಂದ 4/3 ಕಳೆದರೆ 5/3. ಬಲಬದಿ: 5/3. ಪ್ರಶ್ನೆ ಸರಿಯಿದೆ. ಇನ್ನು ಮುಂದೆ ಪ್ರತಿ ಸಾಲೂ 5/3 ಕೊಡಬೇಕು. ಹಾಳೆಯ ಮೇಲೆ ಹೀಗೆ ಬರೆದಿದೆ ಎಂದುಕೊಳ್ಳಿ:

ಸಾಲು 1: ಸೈನ್ ಅ / (1 − ಕಾಸ್ ಅ) − ಕಾಸ್ ಅ / ಸೈನ್ ಅ
ಸಾಲು 2: [ಸೈನ್² ಅ − ಕಾಸ್ ಅ (1 − ಕಾಸ್ ಅ)] / [ಸೈನ್ ಅ (1 − ಕಾಸ್ ಅ)]
ಸಾಲು 3: [ಸೈನ್² ಅ − ಕಾಸ್ ಅ − ಕಾಸ್² ಅ] / [ಸೈನ್ ಅ (1 − ಕಾಸ್ ಅ)]
ಸಾಲು 4: [1 − ಕಾಸ್ ಅ] / [ಸೈನ್ ಅ (1 − ಕಾಸ್ ಅ)]
ಸಾಲು 5: 1 / ಸೈನ್ ಅ = ಕೊಸೆಕ್ ಅ

ಕಣ್ಣಿಗೆ ಇದು ಮುಗಿದ ಸಾಧನೆ. ಉತ್ತರವೂ ಬಂದಿದೆ. ಸಂಖ್ಯೆ ಹಾಕೋಣ. ಎರಡನೆಯ ಸಾಲಿನ ಅಂಶ 9/25 − (4/5)(1/5) = 5/25, ಛೇದ (3/5)(1/5) = 3/25, ಭಾಗಲಬ್ಧ 5/3. ಸರಿ. ಮೂರನೆಯ ಸಾಲಿನ ಅಂಶ 9/25 − 20/25 − 16/25 = −27/25, ಭಾಗಲಬ್ಧ −9. ಇಲ್ಲಿ ಮುರಿಯಿತು. ಆವರಣ ಬಿಡಿಸುವಾಗ ಮೈನಸ್ ಇಂಟು ಮೈನಸ್ ಪ್ಲಸ್ ಆಗಲಿಲ್ಲ. ಅಲ್ಲಿ + ಕಾಸ್² ಅ ಬರಬೇಕಿತ್ತು.

ಇದರಲ್ಲಿ ಹೆಚ್ಚು ಗಮನಿಸಬೇಕಾದದ್ದು ನಾಲ್ಕನೆಯ ಸಾಲು. ಅದರ ಬೆಲೆ ಮತ್ತೆ 5/3! ಮೂರರಿಂದ ನಾಲ್ಕಕ್ಕೆ ಹೋಗಲು ದಾರಿಯೇ ಇರಲಿಲ್ಲ, ಬರೆದವರಿಗೆ ಉತ್ತರ ಗೊತ್ತಿತ್ತು, ಅಲ್ಲಿಗೆ ಜಿಗಿದರು. ಬಿದ್ದ ಬೆಲೆ ತಾನಾಗಿ ಎದ್ದು ನಿಂತಿತೆಂದರೆ ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿದೆ ಎಂದೇ ಅರ್ಥ. ಹೀಗಾಗಿ ಕೊನೆಯ ಸಾಲನ್ನು ಮಾತ್ರ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ನಡುವಿನ ಸಾಲುಗಳಿಗೂ ಬೆಲೆ ಬರೆಯಬೇಕು. ಸಾಧನೆ ಉದ್ದವಾಗಿದ್ದರೆ ಮಧ್ಯದ ಸಾಲಿನಿಂದ ಶುರು ಮಾಡಿ. ಅಲ್ಲಿ ಬೆಲೆ ಕೆಟ್ಟಿದ್ದರೆ ಮೇಲಿನ ಅರ್ಧ ಹುಡುಕಿ, ಸರಿಯಿದ್ದರೆ ಮೊದಲು ಕೆಳಗಿನ ಅರ್ಧ, ಅಲ್ಲಿ ಸಿಗದಿದ್ದರೆ ಮೇಲಿನದು.

ಮುರಿದ ಜಾಗದಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪುಗಳು

ಆವರಣದ ಮುಂದಿನ ಮೈನಸ್ ಮೇಲೆ ಬಂತು. ಅದಕ್ಕೆ ಮದ್ದು ಒಂದೇ: ಲ.ಸಾ.ಅ. ತೆಗೆದು ಅಂಶಗಳನ್ನು ಕೂಡಿಸುವ ಸಾಲಿನಲ್ಲಿ ಕಳೆಯುವ ಪದಕ್ಕೆ ಆವರಣ ಹಾಕಿ ಬರೆಯಿರಿ, ಅದನ್ನು ಬಿಡಿಸುವುದು ಮುಂದಿನ ಸಾಲಿನ ಕೆಲಸ. ಎರಡನ್ನೂ ಒಂದೇ ಸಾಲಿನಲ್ಲಿ ಮಾಡುವವರೇ ಚಿಹ್ನೆ ಕಳೆದುಕೊಳ್ಳುವುದು.

ಕೂಡಿಸಿದ ಪದವನ್ನು ಹೊಡೆದುಹಾಕುವುದು ಎರಡನೆಯದು. (ಸೈನ್ ಅ + ಕಾಸ್ ಅ) / ಕಾಸ್ ಅ ಎಂಬಲ್ಲಿ ಮೇಲಿನ ಕಾಸ್, ಕೆಳಗಿನ ಕಾಸ್ ಎರಡಕ್ಕೂ ಗೆರೆ ಎಳೆದು ಸೈನ್ ಅ ಎಂದು ಬರೆದರೆ 7/4 ಇದ್ದದ್ದು 3/5 ಆಗುತ್ತದೆ. ಹೊಡೆದುಹಾಕುವುದು ಎಂದರೆ ಭಾಗಿಸುವುದು. ಅಂಶ ಪೂರ್ತಿಯಾಗಿ ಗುಣಾಕಾರದ ರೂಪದಲ್ಲಿ ಇದ್ದಾಗ ಮಾತ್ರ ಅದಕ್ಕೆ ಅಧಿಕಾರ. ಇಲ್ಲಿ ಸರಿಯಾದದ್ದು ಟ್ಯಾನ್ ಅ + 1.

ಮೂರನೆಯದು ವರ್ಗ ಸಂಬಂಧಗಳನ್ನು ತಿರುಚುವುದು. ಟ್ಯಾನ್² ಅ + ಸೆಕ್² ಅ = 1 ಎಂದೋ, ಟ್ಯಾನ್² ಅ = 1 + ಸೆಕ್² ಅ ಎಂದೋ ಬರೆದುಬಿಡುತ್ತಾರೆ. ಮೂರು ಸೂತ್ರಗಳನ್ನು ಮೂರಾಗಿ ನೆನಪಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಇರುವುದು ಒಂದೇ, ಪೈಥಾಗೊರಸ್ ಪ್ರಮೇಯ: 9 + 16 = 25. ಇದನ್ನು 25ರಿಂದ ಭಾಗಿಸಿ: 9/25 + 16/25 = 1, ಅಂದರೆ ಸೈನ್² ಅ + ಕಾಸ್² ಅ = 1. 16ರಿಂದ ಭಾಗಿಸಿ: 9/16 + 1 = 25/16, ಅಂದರೆ ಟ್ಯಾನ್² ಅ + 1 = ಸೆಕ್² ಅ. 9ರಿಂದ ಭಾಗಿಸಿ: 1 + 16/9 = 25/9, ಅಂದರೆ 1 + ಕಾಟ್² ಅ = ಕೊಸೆಕ್² ಅ. ಚಿಹ್ನೆ ಮರೆತಾಗ ಹಾಳೆಯ ಮೂಲೆಯಲ್ಲಿ 9 + 16 = 25 ಬರೆದುಕೊಂಡರೆ ಮೂರೂ ತಾವಾಗಿ ಬರುತ್ತವೆ.

ಸೈನ್² ಅ = 1 − ಕಾಸ್² ಅ ಇಂದ ಸೈನ್ ಅ = 1 − ಕಾಸ್ ಅ ಎಂದು ಇಳಿಯುವುದು ಇದರ ತಮ್ಮ. 3/5 ಎಲ್ಲಿ, 1/5 ಎಲ್ಲಿ! ಪದಪದಕ್ಕೂ ಬೇರೆಬೇರೆಯಾಗಿ ವರ್ಗಮೂಲ ತೆಗೆಯಲಾಗದು.

ಬರಹದ ರೂಢಿಯಿಂದ ಹುಟ್ಟುವ ತಪ್ಪುಗಳು ಒಂದಷ್ಟಿವೆ. ಸೈನ್² ಅ ಎಂದರೆ (ಸೈನ್ ಅ)², ಸೈನ್ (ಅ²) ಅಲ್ಲ, ಸೈನ್ 2ಅ ಅಂತೂ ಅಲ್ಲವೇ ಅಲ್ಲ. ಅದೇ ರೂಢಿಯನ್ನು ನಂಬಿ ಸೈನ್⁻¹ ಎಂಬುದನ್ನು 1/ಸೈನ್ ಎಂದು ಓದಿದರೆ ಕೆಟ್ಟಿತು. ಅದು ವಿಲೋಮ, ಅಂದರೆ ಬೆಲೆಯಿಂದ ಕೋನಕ್ಕೆ ಹಿಂತಿರುಗುವ ಕ್ರಿಯೆ. ವ್ಯುತ್ಕ್ರಮಕ್ಕೆ ಕೊಸೆಕ್ ಎಂಬ ಬೇರೆ ಹೆಸರೇ ಇದೆ. ಒಂದೇ ಗುರುತು ಎರಡು ಕಡೆ ಎರಡು ಅರ್ಥ ಕೊಡುವುದು ಗಣಿತದ ಬರಹದ ಒಂದು ಕೊರತೆ, ಇದರಲ್ಲಿ ಕಲಿಯುವವರ ತಪ್ಪೇನೂ ಇಲ್ಲ. ಆದರೆ ಕೋನವನ್ನೇ ಬಿಟ್ಟು ಬರಿಯ "ಸೈನ್² + ಕಾಸ್²" ಎಂದು ಬರೆಯುವ ಚಾಳಿಯನ್ನು ಬಿಡಲೇಬೇಕು. ಅ, 2ಅ, ಬ ಮೂರೂ ಇರುವ ಲೆಕ್ಕದಲ್ಲಿ ಯಾವುದು ಯಾವ ಕೋನದ್ದು ಎಂದು ನಾಲ್ಕನೆಯ ಸಾಲಿನ ಹೊತ್ತಿಗೆ ಬರೆದವರಿಗೇ ತಿಳಿಯುವುದಿಲ್ಲ.

ಸೈನ್ (ಅ+ಬ) ಅನ್ನು ಸೈನ್ ಅ + ಸೈನ್ ಬ ಎಂದು ಒಡೆಯುವುದು ಇನ್ನೊಂದು ಹಳೆಯ ರೋಗ. ನಮ್ಮ ತ್ರಿಕೋನಗಳಲ್ಲಿ ಸರಿಯಾದ ಬೆಲೆ 56/65, ಒಡೆದು ಕೂಡಿಸಿದರೆ 64/65. ಹತ್ತಿರ ಹತ್ತಿರ ಇರುವುದರಿಂದ ದಶಮಾಂಶದಲ್ಲಿ ಅಂದಾಜು ನೋಡುವವರು ಮೋಸಹೋಗಬಹುದು, ಭಿನ್ನರಾಶಿ ಮೋಸ ಮಾಡುವುದಿಲ್ಲ. ಸೈನ್ ಎಂಬುದು ಅ ಅನ್ನು ಗುಣಿಸುವ ಸಂಖ್ಯೆಯಲ್ಲ, ಆವರಣದೊಳಕ್ಕೆ ಹಂಚಲು ಬರುವುದಿಲ್ಲ.

90° + ಅ, 180° − ಅ ಇಂಥವುಗಳಲ್ಲಿ ಚಿಹ್ನೆ ಎಡವುತ್ತಿದ್ದರೆ ಪಟ್ಟಿ ಬಾಯಿಪಾಠ ಮಾಡುವ ಬದಲು (4/5, 3/5) ಎಂಬ ಬಿಂದುವನ್ನು ಏಕಮಾನ ವೃತ್ತದ ಮೇಲೆ ಗುರುತಿಸಿ, 90° ತಿರುಗಿಸಿ. ಅದು (−3/5, 4/5)ಕ್ಕೆ ಹೋಗಿ ಕೂರುತ್ತದೆ. ಮೊದಲನೆಯದು ಕಾಸ್, ಎರಡನೆಯದು ಸೈನ್. ಆದ್ದರಿಂದ ಕಾಸ್ (90° + ಅ) = −ಸೈನ್ ಅ, ಸೈನ್ (90° + ಅ) = ಕಾಸ್ ಅ.

"ಅ ಲಘುಕೋನವಾಗಿದ್ದರೆ" ಎಂಬ ಮಾತು ಏಕಿದೆ?

ಪ್ರಶ್ನೆಯ ಕೊನೆಗೆ ಅಂಟಿಸಿದಂತಿರುವ ಈ ಮಾತನ್ನು ಅನೇಕರು ಓದುವುದೇ ಇಲ್ಲ. ವರ್ಗಮೂಲ ಇರುವ ಕಡೆ ಇಡೀ ಸಾಧನೆ ನಿಂತಿರುವುದು ಅದರ ಮೇಲೆ. ನೋಡಿ:

√[(1 − ಸೈನ್ ಅ) / (1 + ಸೈನ್ ಅ)] = ಸೆಕ್ ಅ − ಟ್ಯಾನ್ ಅ

3-4-5ರಲ್ಲಿ ಎಡಬದಿ √[(2/5) ÷ (8/5)] = 1/2. ಬಲಬದಿ 5/4 − 3/4 = 1/2. ಈಗ ಕೋನವನ್ನು ಎರಡನೆಯ ಚತುರ್ಥಕಕ್ಕೆ ಒಯ್ಯಿರಿ: ಸೈನ್ ಅ = 3/5 ಹಾಗೇ ಇದೆ, ಕಾಸ್ ಅ = −4/5. ಎಡಬದಿ ಬದಲಾಗಲಿಲ್ಲ, 1/2. ಬಲಬದಿ −5/4 + 3/4 = −1/2. ಸಮತೆ ಬಿದ್ದುಹೋಯಿತು.

ತಪ್ಪು ನಡೆಯುವುದು ಒಂದೇ ಸಾಲಿನಲ್ಲಿ. ಅಂಶ ಛೇದ ಎರಡನ್ನೂ (1 − ಸೈನ್ ಅ) ಇಂದ ಗುಣಿಸಿದಾಗ √[(1 − ಸೈನ್ ಅ)² / ಕಾಸ್² ಅ] ಸಿಗುತ್ತದೆ. ಇಲ್ಲಿ √(ಕಾಸ್² ಅ) ಅನ್ನು ಎಲ್ಲರೂ ಕಾಸ್ ಅ ಎಂದು ಬರೆಯುತ್ತಾರೆ, ಆದರೆ ಅದು ಕಾಸ್ ಅ ದ ನಿರಪೇಕ್ಷ ಬೆಲೆ, |ಕಾಸ್ ಅ|. ಕಾಸ್ ಧನವಾಗಿರುವ ಕಡೆ ಮಾತ್ರ ಎರಡೂ ಒಂದೇ. ಹಾಗಾಗಿ ವರ್ಗಮೂಲ ಬಿಡಿಸುವ ಸಾಲಿನ ಪಕ್ಕದಲ್ಲಿ "ಅ ಲಘುಕೋನ, ಆದ್ದರಿಂದ ಕಾಸ್ ಅ > 0" ಎಂದು ಬರೆಯಬೇಕು. ಆ ಅರ್ಧ ಸಾಲು ಇಲ್ಲದ ಸಾಧನೆ ಅಪೂರ್ಣ. ವರ್ಗಮೂಲ ಕಂಡ ಲೆಕ್ಕಕ್ಕೆಲ್ಲ ಸೈನ್ ಅ = 3/5, ಕಾಸ್ ಅ = −4/5 ಎಂಬ ಜೋಡಿಯಿಂದ ಎರಡನೆಯ ಪರೀಕ್ಷೆ ಕಡ್ಡಾಯ ಮಾಡಿಕೊಳ್ಳಿ.

ಇದೇ ಸಾಲಿಗೆ ಸೇರುವ ಇನ್ನೊಂದು ಎಚ್ಚರ: ಛೇದ ಸೊನ್ನೆಯಾಗುವ ಕೋನಗಳು. ಸೈನ್ ಅ / (1 − ಕಾಸ್ ಅ) = (1 + ಕಾಸ್ ಅ) / ಸೈನ್ ಅ ಎಂಬುದು ಸರಿಯಾದ ನಿತ್ಯಸಮೀಕರಣ. ಆದರೆ 180°ಯಲ್ಲಿ ಎಡಬದಿ 0, ಬಲಬದಿಗೆ ಅರ್ಥವೇ ಇಲ್ಲ. ಎರಡೂ ಬದಿಗೆ ಅರ್ಥವಿರುವ ಕಡೆ ಮಾತ್ರ ಸಮತೆಯ ಮಾತು.

ತಪ್ಪಿಲ್ಲ, ಆದರೆ ಮುಂದಕ್ಕೆ ಹೋಗುತ್ತಿಲ್ಲ

ಇದು ಬೇರೆಯೇ ಜಾತಿಯ ದೋಷ. ಪ್ರತಿ ಸಾಲಿನ ಬೆಲೆಯೂ ಸರಿ, ಆದರೆ ಆರನೆಯ ಸಾಲು ನೋಡಿದರೆ ಎರಡನೆಯದೇ ಮತ್ತೆ ಬಂದಿದೆ. ಸೈನ್² ಅನ್ನು 1 − ಕಾಸ್² ಮಾಡಿ, ಮತ್ತೆಲ್ಲೋ ಅದನ್ನೇ ಸೈನ್² ಮಾಡಿ ಗಾಣದ ಎತ್ತಿನಂತೆ ಸುತ್ತುತ್ತಿದ್ದೀರಿ. ಇಲ್ಲಿ ಸಂಖ್ಯೆ ಸಹಾಯಕ್ಕೆ ಬರುವುದಿಲ್ಲ, ರೂಪವನ್ನು ನೋಡಬೇಕು.

ಹೆಚ್ಚು ತೊಡಕಿನ ಬದಿಯಿಂದ ಶುರು ಮಾಡಿ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಎಲ್ಲವನ್ನೂ ಸೈನ್, ಕಾಸ್‌ಗೆ ತನ್ನಿ ಎಂಬುದೂ ಅಷ್ಟೇ. ಎರಡನೆಯದಕ್ಕೆ ಒಂದು ತಿದ್ದುಪಡಿ ಬೇಕು: ಲೆಕ್ಕದಲ್ಲಿ ಸೆಕ್, ಟ್ಯಾನ್ ಮಾತ್ರ ಇದ್ದರೆ ಅಥವಾ ಕೊಸೆಕ್, ಕಾಟ್ ಮಾತ್ರ ಇದ್ದರೆ ಆ ಜೋಡಿಯಲ್ಲೇ ಉಳಿಯುವುದು ಮೇಲು. ಏಕೆಂದರೆ ಸೆಕ್² ಅ − ಟ್ಯಾನ್² ಅ = 1 ಎಂಬುದು ಎರಡು ವರ್ಗಗಳ ವ್ಯತ್ಯಾಸ, ತಕ್ಷಣ ಅಪವರ್ತಿಸಬಹುದು. ಸೈನ್² ಅ + ಕಾಸ್² ಅ ಅನ್ನು ಹಾಗೆ ಒಡೆಯಲು ಬರುವುದಿಲ್ಲ. ಬಹಳ ಜನ ಸಿಕ್ಕಿಬೀಳುವ ಈ ಲೆಕ್ಕದಲ್ಲಿ ಅದರ ಬಲ ಕಾಣುತ್ತದೆ:

(ಟ್ಯಾನ್ ಅ + ಸೆಕ್ ಅ − 1) / (ಟ್ಯಾನ್ ಅ − ಸೆಕ್ ಅ + 1) = (1 + ಸೈನ್ ಅ) / ಕಾಸ್ ಅ

3-4-5ರಲ್ಲಿ ಎಡಬದಿ 1 ÷ (1/2) = 2, ಬಲಬದಿ (8/5) ÷ (4/5) = 2. ಈಗ ಅಂಶದಲ್ಲಿರುವ 1ರ ಜಾಗದಲ್ಲಿ ಮಾತ್ರ ಸೆಕ್² ಅ − ಟ್ಯಾನ್² ಅ ಬರೆಯಿರಿ:

ಅಂಶ = (ಸೆಕ್ ಅ + ಟ್ಯಾನ್ ಅ) − (ಸೆಕ್ ಅ + ಟ್ಯಾನ್ ಅ)(ಸೆಕ್ ಅ − ಟ್ಯಾನ್ ಅ)
= (ಸೆಕ್ ಅ + ಟ್ಯಾನ್ ಅ)(1 − ಸೆಕ್ ಅ + ಟ್ಯಾನ್ ಅ)

ಎರಡನೆಯ ಆವರಣ ಛೇದವೇ ಆಗಿದೆ. ಹೋಗಲಿ ಅದು, ಉಳಿದದ್ದು ಸೆಕ್ ಅ + ಟ್ಯಾನ್ ಅ, ಅದೇ (1 + ಸೈನ್ ಅ) / ಕಾಸ್ ಅ. ಛೇದದ 1ನ್ನೂ ಬದಲಿಸಿದ್ದರೆ? ತಪ್ಪೇನಲ್ಲ, ಆದರೆ ಅಂಶ ಛೇದ ಎರಡೂ ಬಿಚ್ಚಿಕೊಂಡು, ಹೊಂದಿಕೊಳ್ಳಬೇಕಾದ ಆವರಣ ಕಣ್ಣಿಗೆ ಬೀಳದೆ ಹೋಗುತ್ತಿತ್ತು. ಒಂದನ್ನು ಬಿಚ್ಚುವಾಗ ಇನ್ನೊಂದನ್ನು ಮುಟ್ಟದೆ ಇಡುವುದು ಇಲ್ಲಿನ ಜಾಣತನ.

ಛೇದದಲ್ಲಿ 1 + ಸೈನ್ ಅ ಅಥವಾ 1 − ಕಾಸ್ ಅ ಥರದ್ದು ಒಂಟಿಯಾಗಿ ನಿಂತಿದ್ದರೆ ನಡುವಿನ ಚಿಹ್ನೆ ಬದಲಿಸಿದ ಅದರ ಜೋಡಿಯಿಂದ ಮೇಲೂ ಕೆಳಗೂ ಗುಣಿಸಿ. ಛೇದ ಕಾಸ್² ಅಥವಾ ಸೈನ್² ಆಗಿ ಒಂದೇ ಪದಕ್ಕೆ ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ಘಾತ ಎಣಿಸುವುದು. ಇದನ್ನು ಹೆಚ್ಚಿನ ಕಡೆ ಹೇಳಿಕೊಡುವುದಿಲ್ಲ, ಅದು ದೊಡ್ಡ ನಷ್ಟ. ಸೈನ್⁶ ಅ + ಕಾಸ್⁶ ಅ = 1 − 3 ಸೈನ್² ಅ ಕಾಸ್² ಅ ಎಂಬುದರಲ್ಲಿ ಎಡಗಡೆ ಆರನೆಯ ಘಾತ, ಬಲಗಡೆ ಒಂದು ಪದ ಸೊನ್ನೆ ಘಾತ, ಇನ್ನೊಂದು ನಾಲ್ಕು. ಈ ಏರುಪೇರು ಹೇಗೆ ಬಂತು? ಎಲ್ಲೋ ಸೈನ್² ಅ + ಕಾಸ್² ಅ ಎಂಬುದು 1 ಆಗಿ ಕಾಣೆಯಾಗಿದೆ. ಅದನ್ನು ವಾಪಸು ತನ್ನಿ: 1ರ ಜಾಗದಲ್ಲಿ (ಸೈನ್² ಅ + ಕಾಸ್² ಅ)³, ಎರಡನೆಯ ಪದಕ್ಕೆ ಒಂದು (ಸೈನ್² ಅ + ಕಾಸ್² ಅ) ಗುಣಕ. ಎಲ್ಲ ಪದಗಳೂ ಆರನೆಯ ಘಾತವಾದವು. ಘನ ಬಿಡಿಸಿದರೆ ನಡುವಿನ ಪದಗಳು ತಾವಾಗಿ ಹೊಡೆದುಹೋಗಿ ಸೈನ್⁶ ಅ + ಕಾಸ್⁶ ಅ ಉಳಿಯುತ್ತದೆ. ಬೆಲೆಯೂ ಹೊಂದುತ್ತದೆ: ಎರಡೂ ಬದಿ 193/625.

ಈ 1 ಎಲ್ಲಿಂದ ಬಂತು ಎಂಬುದು ಸೈನ್‌ಗೆ ಇದ್ದ ಜ್ಯಾ ಎಂಬ ಹಳೆಯ ಹೆಸರಿನಲ್ಲಿ (ಕಾಸ್‌ಗೆ ಕೋಜ್ಯಾ) ಚೆನ್ನಾಗಿ ಕಾಣುತ್ತದೆ. ಆರ್ಯಭಟ 499ರಲ್ಲಿ ಕೊಟ್ಟ ಜ್ಯಾ ಪಟ್ಟಿಯಲ್ಲಿ ಜ್ಯಾ ಒಂದು ಅನುಪಾತವಲ್ಲ, ಉದ್ದ. ಅಲ್ಲಿ ವೃತ್ತದ ತ್ರಿಜ್ಯ 3438. ವೃತ್ತದ ಪರಿಧಿಯನ್ನು 21,600 ಕಲೆಗಳಾಗಿ (ಒಂದು ಡಿಗ್ರಿಗೆ 60 ಕಲೆ) ಎಣಿಸಿದಾಗ ತ್ರಿಜ್ಯ ಸುಮಾರು ಅಷ್ಟೇ ಆಗುತ್ತದೆ. ಆ ಲೆಕ್ಕದಲ್ಲಿ ಜ್ಯಾ² + ಕೋಜ್ಯಾ² = 3438². ನಾವು ತ್ರಿಜ್ಯವನ್ನು 1 ಮಾಡಿಕೊಂಡಿದ್ದರಿಂದ ಬಲಗಡೆಯ ವರ್ಗ ಕಣ್ಣಿಗೆ ಕಾಣದಾಯಿತು. ಘಾತ ಎಣಿಸುವುದೆಂದರೆ ಆ ಕಾಣದ ತ್ರಿಜ್ಯವನ್ನು ಮತ್ತೆ ಎಣಿಕೆಗೆ ತರುವುದು.

ತಲೆಕೆಳಗಾದ ಸಾಧನೆ

ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಬರೆದು, ಓರೆ ಗುಣಾಕಾರ ಮಾಡಿ, ಎರಡೂ ಕಡೆ ವರ್ಗ ಮಾಡಿ, ಕೊನೆಗೆ 1 = 1 ಎಂದು ಮುಗಿಸುವವರಿದ್ದಾರೆ. ಈ ದೋಷವನ್ನು 3-4-5 ಹಿಡಿಯುವುದಿಲ್ಲ, ಏಕೆಂದರೆ ಪ್ರತಿ ಸಾಲೂ ನಿಜವೇ. ತಪ್ಪಿರುವುದು ದಿಕ್ಕಿನಲ್ಲಿ. ಸೈನ್ ಅ = −ಸೈನ್ ಅ ಎಂದು ಶುರು ಮಾಡಿ ವರ್ಗ ಮಾಡಿದರೆ ಸೈನ್² ಅ = ಸೈನ್² ಅ ಎಂಬ ನಿರ್ವಿವಾದ ಸತ್ಯ ಸಿಗುತ್ತದೆ. ಹಾಗೆಂದು ಮೊದಲ ಸಾಲು ನಿಜವಾಯಿತೇ?

ಒಂದು ಬದಿಯಿಂದ ಇನ್ನೊಂದಕ್ಕೆ ನೇರವಾಗಿ ನಡೆಯಿರಿ. ಅದು ಆಗದಿದ್ದರೆ ಎಡಬದಿಯನ್ನು ಪ್ರತ್ಯೇಕವಾಗಿ, ಬಲಬದಿಯನ್ನು ಪ್ರತ್ಯೇಕವಾಗಿ ಒಂದೇ ರೂಪಕ್ಕೆ ಇಳಿಸಿ. ಎರಡರ ವ್ಯತ್ಯಾಸ ಸೊನ್ನೆ ಎಂದು ತೋರಿಸುವುದೂ ಅಷ್ಟೇ ಗಟ್ಟಿ. ಓರೆ ಗುಣಾಕಾರದಿಂದ ದಾರಿ ಹುಡುಕುವುದರಲ್ಲಿ ತಪ್ಪಿಲ್ಲ, ಕರಡಿನಲ್ಲಿ ಮಾಡಿ. ಆಮೇಲೆ ಅದನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಬರೆಯಿರಿ. ತಿರುಗಿಸುವಾಗ ಯಾವುದಾದರೂ ಹೆಜ್ಜೆ ಹಿಂದಕ್ಕೆ ಬರದಿದ್ದರೆ ದೋಷ ಅಲ್ಲೇ ಇದೆ.

ಸಮೀಕರಣ ಬಿಡಿಸುವಾಗ

ನಿತ್ಯಸಮೀಕರಣವನ್ನು ಬಳಸಿ ಕೋನ ಹುಡುಕುವಾಗ ಎರಡು ಬಗೆಯ ದೂರು ಬರುತ್ತವೆ: ಉತ್ತರ ಕಡಿಮೆ ಬಂತು, ಇಲ್ಲವೇ ಹೆಚ್ಚು ಬಂತು. ಕಡಿಮೆ ಬಂದರೆ ಎಲ್ಲೋ ಸೊನ್ನೆಯಾಗಬಹುದಾದ ಪದದಿಂದ ಭಾಗಿಸಿದ್ದೀರಿ. ಹೆಚ್ಚು ಬಂದರೆ ಎಲ್ಲೋ ವರ್ಗ ಮಾಡಿದ್ದೀರಿ.

0°ಯಿಂದ 360°ಯೊಳಗೆ (360° ಬಿಟ್ಟು) ಸೈನ್ 2ಅ = ಸೈನ್ ಅ ಬಿಡಿಸಿ. 2 ಸೈನ್ ಅ ಕಾಸ್ ಅ = ಸೈನ್ ಅ ಎಂದು ಬರೆದು ಸೈನ್ ಅ ಇಂದ ಭಾಗಿಸಿದರೆ ಕಾಸ್ ಅ = 1/2, ಉತ್ತರ 60°, 300°. ಸೈನ್ ಅ = 0 ಆಗುವ 0°, 180° ಕಳೆದುಹೋದವು. ಭಾಗಿಸುವ ಬದಲು ಸೈನ್ ಅ (2 ಕಾಸ್ ಅ − 1) = 0 ಎಂದು ಅಪವರ್ತಿಸಿದರೆ ನಾಲ್ಕೂ ಸಿಗುತ್ತವೆ.

ಸೈನ್ ಅ + ಕಾಸ್ ಅ = 1 ಅನ್ನು ವರ್ಗ ಮಾಡಿದರೆ ಸೈನ್ 2ಅ = 0, ಅಂದರೆ 0°, 90°, 180°, 270°. ಮೂಲ ಸಮೀಕರಣಕ್ಕೆ ಹಾಕಿ ನೋಡಿ: 180°, 270° ಎರಡರಲ್ಲೂ ಮೊತ್ತ −1. ಅವೆರಡನ್ನೂ ಬಿಡಬೇಕು. ವರ್ಗ ಮಾಡಿದ ಮೇಲೆ ಹಿಂತಿರುಗಿ ಹಾಕಿ ನೋಡುವುದು ಲೆಕ್ಕದ ಒಂದು ಹೆಜ್ಜೆಯೇ. ಅದನ್ನು ಉತ್ತರದಲ್ಲಿ ಬರೆದು ತೋರಿಸಿ.

ಯಂತ್ರ ಹೇಳಿದ್ದು ಬೇರೆ

ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸುವಾಗ ಎಲ್ಲವೂ ತಪ್ಪು ಬರುತ್ತಿದ್ದರೆ ಸೈನ್ 30 ಒತ್ತಿ. 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್‌ನಲ್ಲಿದೆ. 0.454 ಬಂದರೆ ಲಂಬಕೋನವನ್ನು 100 ಭಾಗ ಮಾಡುವ ಗ್ರೇಡಿಯನ್‌ನಲ್ಲಿದೆ, ಅಲ್ಲಿ 30 ಎಂದರೆ 27°. ವಿಚಿತ್ರವೆಂದರೆ ರೇಡಿಯನ್‌ನಲ್ಲಿದ್ದರೂ ಸೈನ್² ಅ + ಕಾಸ್² ಅ ಬೆಲೆ 1 ಆಗುತ್ತದೆ, ಆದ್ದರಿಂದ ಆ ಸೂತ್ರದಿಂದ ಯಂತ್ರವನ್ನು ಪರೀಕ್ಷಿಸಬೇಡಿ. ವರ್ಗಕ್ಕೆ (ಸೈನ್ 37)² ಎಂದು ಆವರಣ ಹಾಕಿಯೇ ಒತ್ತಿ. ಇಲ್ಲದಿದ್ದರೆ ಕೆಲವು ಯಂತ್ರಗಳು ಮೊದಲು 37ರ ವರ್ಗ ಮಾಡಿ 1369°ಯ ಸೈನ್ ಕೊಡುತ್ತವೆ. ಕಂಪ್ಯೂಟರ್ ಭಾಷೆಗಳ ಸೈನ್ ಸಾಮಾನ್ಯವಾಗಿ ರೇಡಿಯನ್ ಕೇಳುತ್ತದೆ.

ಸೂತ್ರ ಸರಿಯಿದ್ದು, ಏಕಮಾನ ಸರಿಯಿದ್ದು, ಉತ್ತರ ಮಾತ್ರ ಸೊನ್ನೆ ಬರುವ ಒಂದು ದೋಷವೂ ಇದೆ. ಕೋನ ಬಹಳ ಚಿಕ್ಕದಾಗಿದ್ದಾಗ 1 − ಕಾಸ್ ಅ ಲೆಕ್ಕ ಮಾಡಿ ನೋಡಿ. ಅ = 0.00000001 ರೇಡಿಯನ್ ಇದ್ದರೆ, 16 ಅಂಕಿಗಳಷ್ಟು ನಿಖರತೆಯ ಸಾಮಾನ್ಯ ಕಂಪ್ಯೂಟರ್ ಲೆಕ್ಕದಲ್ಲಿ ಕಾಸ್ ಅ ಸರಿಯಾಗಿ 1 ಎಂದೇ ದಾಖಲಾಗುತ್ತದೆ, ವ್ಯತ್ಯಾಸ 0. ನಿಜವಾದ ಬೆಲೆ 5 × 10⁻¹⁷, ಅದು 1ರ ಪಕ್ಕದಲ್ಲಿ ನಿಂತಾಗ ಯಂತ್ರಕ್ಕೆ ಕಾಣದಷ್ಟು ಸಣ್ಣದು. ಇದನ್ನು ಸರಿಪಡಿಸಲು ಹೆಚ್ಚು ಅಂಕಿಗಳ ಯಂತ್ರ ಬೇಕಾಗಿಲ್ಲ. 1 − ಕಾಸ್ ಅ = 2 ಸೈನ್² (ಅ/2) ಎಂದು ಬದಲಿಸಿ ಬರೆಯಿರಿ. ಕಳೆಯುವುದೇ ಇಲ್ಲವಾದ್ದರಿಂದ ನುಂಗಿಹೋಗುವ ಅಂಕಿಯೂ ಇಲ್ಲ, ಅದೇ ಯಂತ್ರ 5 × 10⁻¹⁷ ಕೊಡುತ್ತದೆ. ಕಾಗದದ ಮೇಲೆ ಎರಡೂ ಬದಿ ಸಮ, ಯಂತ್ರದೊಳಗೆ ಬಲಬದಿಯನ್ನೇ ಬಳಸಿ.